ಗಲ್ಫ್ ಡಬ್ಬಿಯ ಬಕ್ಲಾವಾ ನಮ್ಮ ಅಡುಗೆಮನೆಯಲ್ಲಿ

ಗಲ್ಫಿನಿಂದ ಯಾರಾದರೂ ಊರಿಗೆ ಬಂದರೆ ಪೆಟ್ಟಿಗೆ ಬಿಚ್ಚುವ ಹೊತ್ತು ನಮ್ಮ ಮನೆಗಳಲ್ಲಿ ಒಂದು ಸಣ್ಣ ಪೆರ್ನಾಲ್ ಇದ್ದ ಹಾಗೆ. ಹಾಲಿನ ಪುಡಿ, ಕೊಡಲಿ ಬ್ರ್ಯಾಂಡ್ ಎಣ್ಣೆ, ಅತ್ತರು, ಮಕ್ಕಳಿಗೆ ಚಾಕಲೇಟು. ಎಲ್ಲದರ ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ತಗಡಿನ ಡಬ್ಬಿ. ಅದರೊಳಗೆ ಸಾಲಾಗಿ ಜೋಡಿಸಿದ ಬಕ್ಲಾವಾ. ತಲೆಗೊಂದು ತುಂಡು, ಅದಕ್ಕಿಂತ ಹೆಚ್ಚಿಲ್ಲ. ಉಳಿದದ್ದನ್ನು ಉಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕುವುದು. ಎಷ್ಟೋ ಮನೆಗಳಲ್ಲಿ ತಿಂಡಿ ಮುಗಿದು ವರ್ಷಗಳಾದರೂ ಡಬ್ಬಿ ಇನ್ನೂ ಉಂಟು. ಈಗ ಅದರಲ್ಲಿ ಸೂಜಿ-ನೂಲು.

ನಮ್ಮ ಮನೆಗೆ ಆ ಡಬ್ಬಿ ಬರುತ್ತಿದ್ದದ್ದು ನನ್ನ ಪತ್ನಿಯ ತಮ್ಮನಿಂದ. ಶಾರ್ಜಾದಲ್ಲಿ ಹನ್ನೊಂದು ವರ್ಷ ಇದ್ದ. ಅಲ್ಲಿ ಎಂತ ಕೆಲಸ ಎಂದು ಕೇಳಿದರೆ "ಅಂಗಡಿಯಲ್ಲಿ" ಎನ್ನುತ್ತಿದ್ದ. ಅಂಗಡಿ ಎಂದ ಮೇಲೆ ಸೂಪರ್ ಮಾರ್ಕೆಟ್ ಇರಬೇಕು ಎಂದು ನಾವೂ ಸುಮ್ಮನಾದೆವು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಬಂದ. ಆ ಸಲ ಪೆರ್ನಾಲಿಗೆ ಡಬ್ಬಿ ಇರಲಿಲ್ಲ. ನನ್ನ ಸಣ್ಣ ಮಗಳು ನೇರವಾಗಿ ಕೇಳಿಯೇ ಬಿಟ್ಟಳು, "ಮಾಮಾ, ಈ ಸಲ ಬಕ್ಲಾವಾ ಇಲ್ವಾ?" ಅವನು ಮಾತಾಡಲಿಲ್ಲ. ಮರುದಿನ ಅಕ್ಕನ ಹತ್ತಿರ ಬಂದು, "ನಿಮ್ಮ ಆ ಅವನ್ ಕೆಲಸ ಮಾಡ್ತದಾ?" ಎಂದ.

ಆಗ ಗೊತ್ತಾಯಿತು, ಅವನು ಇದ್ದದ್ದು ಒಂದು ಲೆಬನಾನಿ ಸಿಹಿತಿಂಡಿ ಅಂಗಡಿಯ ಹಿಂಬದಿಯಲ್ಲಿ. ಮೊದಲ ನಾಲ್ಕು ವರ್ಷ ತಟ್ಟೆ ತೊಳೆದದ್ದು. ಆಮೇಲೆ ಬೀಜ ಆರಿಸುವ ಕೆಲಸ, ನಂತರ ಹಾಳೆ ಹಾಸುವ ಕೆಲಸ, ಕೊನೆಯ ಮೂರು ವರ್ಷ ಒಲೆಯ ಮುಂದೆ. "ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ತಿಂಡಿ ಬೇಯಿಸುವ ಕೆಲಸ ಎಂದರೆ ಹೆಣ್ಣು ಕೇಳುವಾಗ ಯಾರು ಒಪ್ತಾರೆ ಉಸ್ತಾದ್?" ಎಂದ. ನನ್ನ ಬಳಿ ಉತ್ತರ ಇರಲಿಲ್ಲ. ಹನ್ನೊಂದು ವರ್ಷ ಅವನ ಕೈಯ ತಿಂಡಿ ತಿಂದವರು ನಾವು. ಆ ಕೈಗೆ ಎಂತ ಗೊತ್ತುಂಟು ಎಂದು ಒಮ್ಮೆಯೂ ಕೇಳಿರಲಿಲ್ಲ.

ಎಲ್ಲಿಯ ತಿಂಡಿ ಇದು?

ಬಕ್ಲಾವಾ ನಮ್ಮದು ಎಂದು ತುರ್ಕಿಯವರು, ಗ್ರೀಕರು, ಅರಬರು ಎಲ್ಲರೂ ಹೇಳುತ್ತಾರೆ. ಉಸ್ಮಾನಿ ಸುಲ್ತಾನರ ಕಾಲದಲ್ಲಿ ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಅಡುಗೆಮನೆಯಲ್ಲಿ ಇದಕ್ಕೆ ದೊಡ್ಡ ಸ್ಥಾನವಿತ್ತು. ರಮಳಾನಿನ ನಡುವೆ, ಹದಿನೈದನೇ ದಿನ, ಸುಲ್ತಾನರ ಕಡೆಯಿಂದ ಜಾನಿಸರಿ ಸೈನಿಕರಿಗೆ ಹತ್ತು ಮಂದಿಗೊಂದು ತಟ್ಟೆಯಂತೆ ಬಕ್ಲಾವಾ ಕೊಡುವ ಪದ್ಧತಿ ಇತ್ತು. ಅವರು ಅದನ್ನು ಮೆರವಣಿಗೆಯಲ್ಲಿ ಹೊತ್ತೊಯ್ಯುತ್ತಿದ್ದರು. 1826ರಲ್ಲಿ ಆ ಸೈನ್ಯವೇ ರದ್ದಾಯಿತು, ಮೆರವಣಿಗೆಯೂ ನಿಂತಿತು. ತಿಂಡಿ ಮಾತ್ರ ಉಳಿಯಿತು.

ಲೆಬನಾನ್ 1516ರಿಂದ 1918ರವರೆಗೆ ಉಸ್ಮಾನಿ ಆಳ್ವಿಕೆಯಲ್ಲಿತ್ತು. ಅಲ್ಲಿ ಈ ತಿಂಡಿಗೆ ಹೆಸರಾದ ಊರು ಉತ್ತರದ ಬಂದರು ನಗರ ಟ್ರಿಪೋಲಿ, ಅರಬಿಯಲ್ಲಿ ತರಾಬುಲುಸ್. ಅಲ್ಲಿನ ಹಲ್ಲಾಬ್ ಕುಟುಂಬದ ಸಿಹಿತಿಂಡಿ ಮಳಿಗೆಯ ಫಲಕದಲ್ಲಿ 1881 ಎಂಬ ಇಸವಿ ಇದೆ. ಲೆಬನಾನಿನವರ ಬಕ್ಲಾವಾಕ್ಕೂ ಬೇರೆಯವರದಕ್ಕೂ ವ್ಯತ್ಯಾಸ ಉಂಟು. ಪಾಕ ಸ್ವಲ್ಪ ಕಡಿಮೆ, ಹಾಳೆ ಗರಿಗರಿ, ಜೊತೆಗೆ ಗುಲಾಬಿ ನೀರು ಮತ್ತು ಕಿತ್ತಳೆ ಹೂವಿನ ನೀರಿನ ಪರಿಮಳ. ಗುಲಾಬಿ ನೀರಿಗೆ ಅವರು ಮಾವರ್ದ್ ಎನ್ನುತ್ತಾರೆ, ಕಿತ್ತಳೆ ಹೂವಿನದಕ್ಕೆ ಮಾಜಹರ್. ಪಾಕಕ್ಕೆ ಪುಸ್ತಕದ ಅರಬಿಯಲ್ಲಿ ಕತ್ರ್ ಎಂದು ಹೆಸರು. ಲೆಬನಾನಿನವರು ಮಾತಾಡುವಾಗ ಕಾಫ್ ಅಕ್ಷರವನ್ನು ನುಂಗಿಬಿಡುವುದರಿಂದ ಅದು ಅತರ್ ಆಗುತ್ತದೆ. ನಮ್ಮವ ಅಲ್ಲಿ ಕಲಿತ ಅರಬಿ ಅದೇ. ಮದ್ರಸದಲ್ಲಿ ನಾನು ಕಾಫ್ ಎಂದು ತಿದ್ದಿ ತಿದ್ದಿ ಕಲಿಸಿದವನನ್ನು ಅವನು ಒಲೆಯ ಮುಂದೆ ನಿಲ್ಲಿಸಿ, "ಅತರ್ ತಣ್ಣಗಾಯ್ತಾ ನೋಡಿ" ಎನ್ನುತ್ತಿದ್ದ!

ಬೀಜದಲ್ಲಿಯೂ ಒಂದು ವಿಷಯ ಉಂಟು. ಪಿಸ್ತಾ, ಅಕ್ರೋಟು ಅಲ್ಲಿಯ ಹಳೆಯ ಬೀಜಗಳು. ಆದರೆ ಇಂದು ಲೆಬನಾನಿ ಅಂಗಡಿಗಳ ಎಷ್ಟೋ ತುಂಡುಗಳ ಹೊಟ್ಟೆಯಲ್ಲಿ ಇರುವುದು ಗೇರುಬೀಜ. ನಮ್ಮ ಭಾರತದ ಗೇರುಬೀಜದ ದೊಡ್ಡ ಗಿರಾಕಿಗಳಲ್ಲಿ ಯುಎಇ ಒಂದು. ಮಂಗಳೂರು ಗೇರುಬೀಜ ಸಂಸ್ಕರಣೆಗೆ ಹೆಸರಾದ ಊರು. ಅಲ್ಲಿ ಬೀಜದ ಗೋಣಿಯ ಮೇಲೆ ಮಂಗಳೂರು ಎಂದು ಬರೆದದ್ದನ್ನು ನೋಡಿದ ದಿನ ತನಗೆ ಊಟ ಸೇರಲಿಲ್ಲ ಎಂದ ನಮ್ಮವ.

ಬೇಕಾಗುವ ಸಾಮಾನು

ಫಿಲೋ ಹಾಳೆ ಅರ್ಧ ಕಿಲೋದ ಒಂದು ಪ್ಯಾಕೆಟ್. ಗೇರುಬೀಜ 400 ಗ್ರಾಂ. ಮೇಲೆ ಉದುರಿಸಲು ಪಿಸ್ತಾ 50 ಗ್ರಾಂ. ತುಪ್ಪ 250 ಗ್ರಾಂ. ಬೀಜಕ್ಕೆ ಬೆರೆಸಲು ಸಕ್ಕರೆ ಮೂರು ಚಮಚ. ಪಾಕಕ್ಕೆ ಸಕ್ಕರೆ 400 ಗ್ರಾಂ, ನೀರು ಒಂದು ಲೋಟ (200 ಮಿ.ಲೀ.), ಲಿಂಬೆ ರಸ ಒಂದು ಸಣ್ಣ ಚಮಚ, ಗುಲಾಬಿ ನೀರು ಮತ್ತು ಕಿತ್ತಳೆ ಹೂವಿನ ನೀರು ಒಂದೊಂದು ಚಮಚ. ಕಿತ್ತಳೆ ಹೂವಿನ ನೀರು ಸಿಗದಿದ್ದರೆ ಗುಲಾಬಿ ನೀರು ಮಾತ್ರ ಸಾಕು.

ಫಿಲೋ ಎಂದರೆ ಗ್ರೀಕ್ ಭಾಷೆಯಲ್ಲಿ ಎಲೆ. ಮೈದಾ ಹಿಟ್ಟನ್ನು ಆಚೆಯ ಕೈ ಕಾಣುವಷ್ಟು ತೆಳ್ಳಗೆ ಎಳೆದ ಹಾಳೆ. ಅದನ್ನು ಮನೆಯಲ್ಲಿ ಎಳೆಯುವುದು ಆಗಿಹೋಗುವ ಮಾತಲ್ಲ. ದೊಡ್ಡ ಸೂಪರ್ ಮಾರ್ಕೆಟ್‌ಗಳ ಫ್ರೀಜರ್‌ನಲ್ಲಿ ಪ್ಯಾಕೆಟ್ ಸಿಗುತ್ತದೆ. ರಾತ್ರಿಯೇ ಅದನ್ನು ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ. ಮಾಡುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ. ಅವಸರದಲ್ಲಿ ಬಿಚ್ಚಿದರೆ ಮಡಿಕೆಯಲ್ಲಿಯೇ ತುಂಡಾಗುತ್ತದೆ.

ಮಾಡುವ ಕ್ರಮ

ಮೊದಲು ಪಾಕ, ಏಕೆಂದರೆ ಅದು ತಣ್ಣಗಾಗಬೇಕು. ಸಕ್ಕರೆ, ನೀರು ಕುದಿ ಬಂದ ಮೇಲೆ ಲಿಂಬೆ ರಸ ಹಾಕಿ ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಬಿಡಿ. ಎಳೆ ಪಾಕ ಬರುವ ಸ್ವಲ್ಪ ಮೊದಲೇ ಇಳಿಸಬೇಕು. ಲಿಂಬೆ ಹಾಕುವುದು ರುಚಿಗಲ್ಲ. ಹುಳಿ ಸೇರಿದರೆ ಪಾಕ ಮತ್ತೆ ಹರಳು ಕಟ್ಟುವುದಿಲ್ಲ. ಗುಲಾಬಿ ನೀರು, ಹೂವಿನ ನೀರು ಇಳಿಸಿದ ಮೇಲೆಯೇ ಹಾಕಿ. ಕುದಿಯುವಾಗ ಹಾಕಿದರೆ ಪರಿಮಳ ಆವಿಯ ಜೊತೆ ಹೋಗುತ್ತದೆ.

ಬೀಜವನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಬೇಡಿ. ಅಕ್ಕಿ ನುಚ್ಚಿನಷ್ಟು ದಪ್ಪ ಇರಲಿ. ಸಕ್ಕರೆ ಮತ್ತು ಅರ್ಧ ಚಮಚ ಗುಲಾಬಿ ನೀರು ಬೆರೆಸಿ. ತುಪ್ಪ ಕರಗಿಸಿ ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳಿ, ಅಡಿಯ ಗಸಿ ಬೇಡ. ಅದು ಒಲೆಯಲ್ಲಿ ಸುಟ್ಟು ಕಪ್ಪು ಚುಕ್ಕೆಯಾಗುತ್ತದೆ. ಬೆಣ್ಣೆಗಿಂತ ತುಪ್ಪವೇ ಸರಿ. ಬೆಣ್ಣೆಯಲ್ಲಿ ನೀರಿನಂಶ ಇರುವುದರಿಂದ ಹಾಳೆ ಮೆದುವಾಗುತ್ತದೆ. ಲೆಬನಾನಿನವರ ಸಮ್ನ ಎಂದರೂ ನಮ್ಮ ತುಪ್ಪವೇ.

ಇನ್ನು ಹಾಸುವ ಕೆಲಸ. ಫ್ಯಾನ್ ಬಂದ್ ಮಾಡಿ. ಗಾಳಿ ತಾಗಿದರೆ ಹಾಳೆ ನಿಮಿಷದಲ್ಲಿ ಒಣಗಿ ಪುಡಿಯಾಗುತ್ತದೆ. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಹಾಳೆಯ ಕಟ್ಟನ್ನು ಮುಚ್ಚಿಟ್ಟು ಒಂದೊಂದಾಗಿ ತೆಗೆಯಿರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಹೆಚ್ಚು ಒದ್ದೆಯಾದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಟ್ಟೆಗೆ ತುಪ್ಪ ಸವರಿ ಅರ್ಧದಷ್ಟು ಹಾಳೆ ಹಾಸಿ. ಪ್ರತಿಯೊಂದರ ಮೇಲೆ ಬ್ರಷ್‌ನಿಂದ ತುಪ್ಪ. ಬೀಜ ಸಮನಾಗಿ ಹರಡಿ, ಉಳಿದರ್ಧ ಹಾಳೆ ಅದೇ ರೀತಿ ಮೇಲೆ. ಹರಿದ ಹಾಳೆಯನ್ನು ಬಿಸಾಡಬೇಡಿ, ನಡುವೆ ತೇಪೆ ಹಾಕಿ. ಕೆಳಗಿನದು, ಮೇಲಿನದು ಎರಡು ಸರಿ ಇದ್ದರೆ ಆಯಿತು, ನಡುವಿನದನ್ನು ಯಾರು ನೋಡ್ತಾರೆ?

ಬೇಯಿಸುವ ಮೊದಲೇ ಕತ್ತರಿಸಬೇಕು. ಹರಿತ ಚೂರಿಯಿಂದ ತಟ್ಟೆಯ ತಳ ಮುಟ್ಟುವವರೆಗೆ ವಜ್ರದ ಆಕಾರದಲ್ಲಿ ಕತ್ತರಿಸಿ. ಬೆಂದ ಮೇಲೆ ಚೂರಿ ಇಟ್ಟರೆ ಎಲ್ಲ ಪುಡಿ. ಅವನ್ ಮೊದಲೇ ಬಿಸಿಯಾಗಿರಲಿ, 165 ಡಿಗ್ರಿಯಲ್ಲಿ ಸುಮಾರು 45ರಿಂದ 50 ನಿಮಿಷ. ಮೇಲೆ ಬಣ್ಣ ಬಂದ ಕೂಡಲೇ ಮೋಸ ಹೋಗಬೇಡಿ, ಒಳಗಿನ ಹಾಳೆಯೂ ಬೇಯಬೇಕು. ಅವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಮೇಲೆ ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ ಮಾಡಬಹುದು. ಮುಚ್ಚಳದ ಮೇಲೆ ಗೆರಟೆಯ ಕೆಂಡ ಹಾಕಿದರೆ ಮೇಲೆಯೂ ಬಣ್ಣ ಬರುತ್ತದೆ. ಮೇಲೆ ಕೆಂಡ, ಕೆಳಗೆ ಕೆಂಡ ಇಟ್ಟು ಬೇಯಿಸುವ ಕ್ರಮ ನಮ್ಮ ಹಿರಿಯ ಹೆಂಗಸರಿಗೆ ಹೊಸತೇನೂ ಅಲ್ಲ.

ತಟ್ಟೆ ಹೊರಗೆ ಬಂದ ಕೂಡಲೇ, ಬಿಸಿ ಬಿಸಿ ಇರುವಾಗಲೇ, ತಣ್ಣಗಿನ ಪಾಕವನ್ನು ಕತ್ತರಿಸಿದ ಗೆರೆಗಳ ಮೇಲೆ ನಿಧಾನವಾಗಿ ಸುರಿಯಿರಿ. ಚುಯ್ ಎಂಬ ಸದ್ದು ಬಂದರೆ ಸರಿಯಾಯಿತು ಎಂದರ್ಥ. ಪಿಸ್ತಾ ಉದುರಿಸಿ. ನಾಲ್ಕೈದು ಗಂಟೆ ಮುಟ್ಟಬೇಡಿ, ಮುಚ್ಚಬೇಡಿ. ಬಿಸಿ ಇರುವಾಗ ಮುಚ್ಚಿದರೆ ಆವಿಯ ನೀರು ಕೆಳಗಿಳಿದು ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ. ಫ್ರಿಜ್ ಬೇಡ. ಒಂದು ವಾರ ಏನೂ ಆಗುದಿಲ್ಲ. ಶುಗರ್ ಇರುವವರು ಮಾತ್ರ ಕೈ ಬಿಗಿ ಹಿಡಿಯಬೇಕು.

ನನ್ನ ತಟ್ಟೆ, ಅವನ ತಟ್ಟೆ

ಮೊದಲ ದಿನ ಅವನು ಒಂದು ತಟ್ಟೆ, ನಾನು ಒಂದು ತಟ್ಟೆ ಮಾಡಿದೆವು. ನನಗೆ ಅವಸರ. ಪಾಕ ಆರುವ ಮೊದಲೇ ಸುರಿದುಬಿಟ್ಟೆ. ಸದ್ದು ಬರಲಿಲ್ಲ. ಸಂಜೆ ನೋಡಿದರೆ ಬಕ್ಲಾವಾ ಅಲ್ಲ, ನೆನೆದ ಪತ್ತಿರ್. ಮಕ್ಕಳು ನಕ್ಕರು. ನಮ್ಮವ ನಗಲಿಲ್ಲ. "ನನ್ನ ಮೊದಲ ಐದು ತಟ್ಟೆ ಹೀಗೆಯೇ ಆಗಿತ್ತು. ಮುಅಲ್ಲಿಂ ಬೈಯಲಿಲ್ಲ, ಕೂತು ತಿಂದರು," ಎಂದ.

ಅಲ್ಲಿ ಕೆಲಸ ಕಲಿಸುವ ಯಜಮಾನನಿಗೂ ಮುಅಲ್ಲಿಂ ಎಂದೇ ಕರೆಯುವುದು, ನಮ್ಮಲ್ಲಿ ಮದ್ರಸದಲ್ಲಿ ಕಲಿಸುವವನನ್ನು ಕರೆದ ಹಾಗೆ. ಆ ಮುಅಲ್ಲಿಂ ಟ್ರಿಪೋಲಿಯವರು. 1975ರಿಂದ 1990ರವರೆಗೆ ಲೆಬನಾನಿನಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ಊರು ಬಿಟ್ಟ ಸಾವಿರಾರು ಜನರಲ್ಲಿ ಒಬ್ಬರು. ಕೈಯಲ್ಲಿದ್ದ ವಿದ್ಯೆಯನ್ನು ಮಾತ್ರ ಹೊತ್ತುಕೊಂಡು ಬಂದಿದ್ದರು. 2019ರ ಕೊನೆಗೆ ಅಲ್ಲಿಯ ಬ್ಯಾಂಕುಗಳು ಜನರಿಗೆ ಅವರದೇ ಹಣ ಕೊಡದಾದವು. 1997ರಿಂದ ಒಂದು ಡಾಲರಿಗೆ ಸುಮಾರು 1,500 ಲೀರಾ ಇದ್ದ ಬೆಲೆ ಕುಸಿದುಬಿತ್ತು. 2020ರ ಆಗಸ್ಟ್ 4ರಂದು ಬೈರೂತಿನ ಬಂದರು ಸ್ಫೋಟಗೊಂಡಿತು. ಮರುವರ್ಷ ಅಲ್ಲಿ ಔಷಧಿಗೇ ಬರಗಾಲ. ಮುಅಲ್ಲಿಂ ತನ್ನ ಉಮ್ಮನಿಗೆ ಬಿ.ಪಿ. ಮಾತ್ರೆಗಳನ್ನು ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರಂತೆ, ಬಕ್ಲಾವಾದ ಖಾಲಿ ಡಬ್ಬಿಯಲ್ಲಿ ತುಂಬಿಸಿ. ಅದೇ ಮೇಜಿನ ಮೇಲೆ ನಮ್ಮವ ನಮಗಾಗಿ ಡಬ್ಬಿ ಕಟ್ಟುತ್ತಿದ್ದ. ಒಂದು ಡಬ್ಬಿ ಸಿಹಿ ಹೊತ್ತು ಮಂಗಳೂರಿಗೆ, ಇನ್ನೊಂದು ಮಾತ್ರೆ ಹೊತ್ತು ಟ್ರಿಪೋಲಿಗೆ. ಅದನ್ನು ಕೇಳಿದ ಮೇಲೆ ನಮ್ಮ ಕಪಾಟಿನ ಸೂಜಿ-ನೂಲಿನ ಡಬ್ಬಿಯನ್ನು ನೋಡುವಾಗಲೆಲ್ಲ ನನಗೆ ಆ ಅಜ್ಜಿಯ ನೆನಪು.

ಗೇರುಬೀಜ ತುಂಬಿದ ಒಂದು ಸಣ್ಣ ತುಂಡಿಗೆ ಲೆಬನಾನಿನವರು ಇಟ್ಟ ಹೆಸರು ಕುಲ್ ವಶ್ಕುರ್. ತಿನ್ನು, ಶುಕ್ರ್ ಹೇಳು ಎಂದರ್ಥ. ನಾವು ತಿಂದದ್ದು ನಿಜ. ಶುಕ್ರ್ ಹೇಳುವಾಗ ಪಡೆದವನಿಗೆ ಸಿಕ್ಕಿದ್ದು ಮಾತ್ರ ನೆನಪಿರುತ್ತದೆ, ಮಾಡಿದ ಕೈಯ ಸುಟ್ಟ ಗಾಯ ಕಾಣುವುದಿಲ್ಲ. ನಮ್ಮವನ ಎರಡೂ ಮುಂಗೈಯಲ್ಲಿ ತಟ್ಟೆಯ ಅಂಚು ತಾಗಿದ ಗೆರೆಗಳುಂಟು. ನಾನು ಅವನ್ನು ನೋಡಿದ್ದು ಆ ದಿನವೇ ಮೊದಲು.

ಕಳೆದ ಪೆರ್ನಾಲಿಗೆ ಎರಡು ದಿನ ಮೊದಲು ಮನೆಯಲ್ಲಿ ಮೂರು ತಟ್ಟೆ ಮಾಡಿದೆವು. ಹಾಳೆ ಹಾಸಿದ್ದು ಮಕ್ಕಳು, ಕತ್ತರಿಸಿದ್ದು ಅವನು, ಪಾಕ ಆರುವವರೆಗೆ ಕಾದದ್ದು ನಾನು. ಸದ್ದು ಬಂತು. ಉಮ್ಮನ ಹಟಕ್ಕೆ ಒಂದು ತಟ್ಟೆಗೆ ಏಲಕ್ಕಿ ಬಿತ್ತು. ಲೆಬನಾನಿನಲ್ಲಿ ಹಾಕುವುದಿಲ್ಲ ಎಂದು ಅವನು ಗೊಣಗಿದರೂ ಮೊದಲು ಖಾಲಿಯಾದದ್ದು ಅದೇ. ನೆರೆಯ ಮನೆಗಳಿಗೂ ಹಂಚಿದೆವು. ಒಬ್ಬರು ತಿಂದು, "ಇದು ದುಬೈಯ ಯಾವ ಅಂಗಡಿಯದ್ದು?" ಎಂದು ಕೇಳಿದರು. ಸಣ್ಣ ಮಗಳು ಮುಂದೆ ಬಂದು, "ಅಂಗಡಿಯದ್ದಲ್ಲ, ನಮ್ಮ ಮಾಮ ಮಾಡಿದ್ದು. ಅಲ್ಲಿ ಅವರೇ ಮಾಡುದು," ಎಂದಳು.

ಅವನು ಅಲ್ಲೇ ಬಾಗಿಲ ಬಳಿ ನಿಂತಿದ್ದ. ಈ ಸಲ ತಲೆ ತಗ್ಗಿಸಲಿಲ್ಲ. ಈಗ ಮದುವೆ ಮನೆಗಳಿಂದ ಅವನಿಗೆ ಒಂದೊಂದೇ ಆರ್ಡರ್ ಬರುತ್ತಿದೆ. ನಿಮ್ಮ ಮನೆಗೂ ಯಾರಾದರೂ ಮರಳಿ ಬಂದಿದ್ದರೆ, ಪೆಟ್ಟಿಗೆಯಲ್ಲಿ ಎಂತ ತಂದಿ ಎಂದು ಕೇಳುವ ಮೊದಲು, ಕೈಯಲ್ಲಿ ಎಂತ ಕಲಿತು ಬಂದಿ ಎಂದು ಒಮ್ಮೆ ಕೇಳಿ ನೋಡಿ.