ಡಿಫರೆನ್ಷಿಯಲ್ ಲಾಕರ್ ಅಳವಡಿಕೆ

ಡಿಫರೆನ್ಷಿಯಲ್ ಲಾಕರ್ ಎಂಬುದು ಮೋಟಾರು ವಾಹನದ ಒಂದೇ ಅಚ್ಚಿಗೆ ಸೇರಿದ ಎಡ ಮತ್ತು ಬಲ ಚಕ್ರಗಳು ಸಮಾನ ವೇಗದಲ್ಲಿಯೇ ತಿರುಗುವಂತೆ ಅವುಗಳನ್ನು ಪರಸ್ಪರ ಬಂಧಿಸುವ ಯಾಂತ್ರಿಕ ಸಾಧನವಾಗಿದೆ. ಕೆಸರು, ಮರಳು ಮತ್ತು ಬಂಡೆಗಳ ನೆಲದಲ್ಲಿ ಓಡುವ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿಯೂ, ಕೃಷಿ ಟ್ರ್ಯಾಕ್ಟರುಗಳಲ್ಲಿಯೂ, ಸೈನಿಕ ಟ್ರಕ್ಕುಗಳಲ್ಲಿಯೂ ಇದು ಬಳಕೆಯಲ್ಲಿದೆ. ಕೆಲವು ವಾಹನಗಳು ಕಾರ್ಖಾನೆಯಿಂದಲೇ ಲಾಕರ್ ಸಹಿತ ಬರುತ್ತವೆ. ಉಳಿದವುಗಳಿಗೆ ಮಾಲೀಕರು ಆನಂತರ ಅಳವಡಿಸಿಕೊಳ್ಳುತ್ತಾರೆ. ಆಸ್ಟ್ರೇಲಿಯ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹವ್ಯಾಸಿ ಚಾಲಕರು ವಾರಾಂತ್ಯದಲ್ಲಿ ಗೆಳೆಯರನ್ನು ಕೂಡಿಕೊಂಡು ಮನೆಯ ಗ್ಯಾರೇಜಿನಲ್ಲಿಯೇ ಈ ಕೆಲಸವನ್ನು ಪೂರೈಸುವ ರೂಢಿಯಿದೆ. ಇದಕ್ಕೆ ಬೇಕಾಗುವ ಬಲ ಹೆಚ್ಚಿನದಲ್ಲ. ಆದರೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ಅಳತೆ ತಪ್ಪಿದರೂ ಕೆಲಸವೆಲ್ಲ ವ್ಯರ್ಥವಾಗುವುದು.

ಡಿಫರೆನ್ಷಿಯಲ್ ಏಕೆ ಬೇಕು

ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಚಕ್ರಗಳು ಬೇರೆಬೇರೆಯಾಗಿ ಸುತ್ತುತ್ತವೆ, ಕಡಾಣಿಯು ಅವನ್ನು ಕಳಚದಂತೆ ಹಿಡಿದಿರುತ್ತದೆ. ಎಳೆಯುವ ಶಕ್ತಿ ಎತ್ತುಗಳದ್ದಾದ್ದರಿಂದ ತಿರುವಿನಲ್ಲಿ ಒಂದು ಚಕ್ರ ನಿಧಾನವಾಗಿಯೂ ಇನ್ನೊಂದು ವೇಗವಾಗಿಯೂ ಸುತ್ತಲು ಅಡ್ಡಿಯಿಲ್ಲ. ಮೋಟಾರು ವಾಹನದಲ್ಲಿ ಎಂಜಿನ್ನಿನ ಶಕ್ತಿಯು ಅಚ್ಚಿನ ಮೂಲಕವೇ ಚಕ್ರಗಳಿಗೆ ತಲುಪಬೇಕಾಗುತ್ತದೆ. ಎರಡು ಚಕ್ರಗಳನ್ನು ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಸಮಸ್ಯೆ ಹುಟ್ಟುತ್ತದೆ. ಎರಡು ಚಕ್ರಗಳ ನಡುವಿನ ಅಂತರ 1.5 ಮೀಟರ್ ಎಂದಿಟ್ಟುಕೊಂಡರೆ, ವಾಹನವು ಒಂದು ಪೂರ್ಣ ವೃತ್ತವನ್ನು ಸುತ್ತುವಷ್ಟರಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಸುಮಾರು 9.4 ಮೀಟರ್ ಹೆಚ್ಚು ದೂರ ಕ್ರಮಿಸಬೇಕು. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲವೆಂಬುದು ರೇಖಾಗಣಿತದ ಒಂದು ಸ್ವಾರಸ್ಯ.

ಈ ವ್ಯತ್ಯಾಸಕ್ಕೆ ಎಡೆಮಾಡಿಕೊಡುವ ದಂತಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ ಉಗಿಬಂಡಿಗಾಗಿ ಇದನ್ನು ರೂಪಿಸಿದನು. ಎಂಜಿನ್ನಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ದಂತಚಕ್ರವಿರುತ್ತದೆ. ಅದು ಕ್ರೌನ್ ವೀಲ್ ಎಂಬ ದೊಡ್ಡ ದಂತಚಕ್ರವನ್ನು ತಿರುಗಿಸುತ್ತದೆ. ಕ್ರೌನ್ ವೀಲ್ ಒಂದು ಲೋಹದ ಗೂಡಿಗೆ ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಇದನ್ನು ಮೆಕ್ಯಾನಿಕ್‌ಗಳು ಕೇಜ್ ಎನ್ನುತ್ತಾರೆ. ಕೇಜಿನೊಳಗೆ ಸ್ಪೈಡರ್ ಗೇರುಗಳೂ, ಅವುಗಳಿಗೆ ಹೊಂದಿಕೊಂಡು ಎಡ-ಬಲದ ಅರ್ಧ ಅಚ್ಚುಗಳನ್ನು ತಿರುಗಿಸುವ ಸೈಡ್ ಗೇರುಗಳೂ ಇರುತ್ತವೆ. ನೇರ ದಾರಿಯಲ್ಲಿ ಇವೆಲ್ಲವೂ ಒಂದೇ ಮುದ್ದೆಯಂತೆ ಸುತ್ತುತ್ತವೆ. ತಿರುವಿನಲ್ಲಿ ಮಾತ್ರ ಸ್ಪೈಡರ್ ಗೇರುಗಳು ತಮ್ಮ ಅಕ್ಷದ ಮೇಲೆ ತಿರುಗಿ, ಒಂದು ಕಡೆ ಕಳೆದ ವೇಗವನ್ನು ಇನ್ನೊಂದು ಕಡೆಗೆ ಕೂಡಿಸುತ್ತವೆ.

ಈ ಗುಣವೇ ಕೆಸರಿನಲ್ಲಿ ದೋಷವಾಗಿ ಪರಿಣಮಿಸುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಾನವಾದ ತಿರುಗುಬಲವನ್ನು, ಅಂದರೆ ಟಾರ್ಕನ್ನು ಹಂಚುತ್ತದೆ. ಒಂದು ಚಕ್ರವು ಜಾರುವ ಕೆಸರಿನಲ್ಲಿ ಸಿಲುಕಿದರೆ ಅದನ್ನು ಸುತ್ತಿಸಲು ಬೇಕಾಗುವ ಬಲ ಅತ್ಯಲ್ಪ. ಸಮಪಾಲಿನ ನಿಯಮದಂತೆ ಗಟ್ಟಿನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಅಲ್ಪ ಬಲ ದೊರೆಯುತ್ತದೆ. ಆಗ ಕೆಸರಿನ ಚಕ್ರವು ಕೇಜಿನ ಎರಡರಷ್ಟು ವೇಗದಲ್ಲಿ ವ್ಯರ್ಥವಾಗಿ ಸುತ್ತುತ್ತದೆ, ಇನ್ನೊಂದು ಕದಲದೆ ನಿಂತಿರುತ್ತದೆ. ಲಾಕರ್ ಮಾಡುವುದಿಷ್ಟೇ: ಡಿಫರೆನ್ಷಿಯಲ್‌ನ ಕೆಲಸವನ್ನು ತಡೆಹಿಡಿದು ಎರಡೂ ಅರ್ಧ ಅಚ್ಚುಗಳನ್ನು ಒಂದೇ ಸರಳಿನಂತೆ ಮಾಡುವುದು. ಆದ್ದರಿಂದ ಇದನ್ನು ಡಿಫರೆನ್ಷಿಯಲ್‌ನ ಸುಧಾರಣೆಯೆಂದು ಕರೆಯುವುದು ಸರಿಯಲ್ಲ. ಇದು ಅದರ ತಾತ್ಕಾಲಿಕ ಅಮಾನತು.

ಬಗೆಗಳು

ಚಾಲಕನ ಇಚ್ಛೆಯಂತೆ ಕೆಲಸ ಮಾಡುವ ಲಾಕರುಗಳು ಮೊದಲನೆಯ ವರ್ಗ. ಇವುಗಳಲ್ಲಿ ಗಾಳಿಯ ಒತ್ತಡ, ವಿದ್ಯುತ್ಕಾಂತ ಅಥವಾ ತಂತಿ ಮತ್ತು ಸನ್ನೆಯ ಮೂಲಕ ಬಂಧನವು ಏರ್ಪಡುತ್ತದೆ. ಆಸ್ಟ್ರೇಲಿಯದ ಎಆರ್‌ಬಿ ಸಂಸ್ಥೆಯ ಏರ್ ಲಾಕರ್ ಈ ವರ್ಗದಲ್ಲಿ ಪ್ರಸಿದ್ಧವಾದುದು. ಗುಂಡಿ ಒತ್ತುವವರೆಗೆ ಇದು ಸಾಧಾರಣ ಡಿಫರೆನ್ಷಿಯಲ್ ಆಗಿಯೇ ಇರುತ್ತದೆ.

ಎರಡನೆಯ ವರ್ಗ ಸ್ವಯಂಚಾಲಿತ ಲಾಕರುಗಳದ್ದು. ಇವು ಸದಾ ಬಂಧಿತ ಸ್ಥಿತಿಯಲ್ಲಿದ್ದು, ತಿರುವಿನಲ್ಲಿ ಹೊರಚಕ್ರವು ಮುಂದೋಡಿದಾಗ ಅದನ್ನು ಮಾತ್ರ ಬಿಡಿಸುತ್ತವೆ. ಆಗ ಒಳಚಕ್ರವೇ ವಾಹನವನ್ನು ನಡೆಸುತ್ತದೆ. ಡೆಟ್ರಾಯಿಟ್ ಲಾಕರ್ ಈ ಬಗೆಯದು. ಲಾಕ್-ರೈಟ್, ಆಸಿ ಲಾಕರ್ ಮುಂತಾದ ಹೆಸರುಗಳಲ್ಲಿ ದೊರೆಯುವ ಕಿರುಲಾಕರುಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ಇವನ್ನು ಅಮೆರಿಕದಲ್ಲಿ ಲಂಚ್‌ಬಾಕ್ಸ್ ಲಾಕರ್ ಎನ್ನುವುದುಂಟು. ಇವುಗಳಿಗೆ ಹೊಸ ಕೇಜ್ ಬೇಕಾಗಿಲ್ಲ. ಹಳೆಯ ಕೇಜಿನೊಳಗಿನ ಸ್ಪೈಡರ್ ಮತ್ತು ಸೈಡ್ ಗೇರುಗಳನ್ನು ತೆಗೆದು ಆ ಜಾಗದಲ್ಲಿ ಇವನ್ನು ಕೂರಿಸಲಾಗುತ್ತದೆ. ಕ್ರೌನ್ ವೀಲ್ ಮತ್ತು ಪಿನಿಯನ್‌ಗಳ ಪರಸ್ಪರ ಸ್ಥಾನ ಕದಲದಿರುವುದರಿಂದ ಮೊದಲ ಬಾರಿಗೆ ಕೈಹಾಕುವವರಿಗೆ ಇದು ಸೂಕ್ತ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಎಂಬುದು ಬೇರೆಯೇ ಸಾಧನ. ಅದು ಚಕ್ರಗಳ ವೇಗದ ವ್ಯತ್ಯಾಸಕ್ಕೆ ಪ್ರತಿರೋಧ ಒಡ್ಡುತ್ತದೆಯೇ ಹೊರತು ಪೂರ್ಣವಾಗಿ ಬಂಧಿಸುವುದಿಲ್ಲ.

ಅಳವಡಿಕೆಯ ಕ್ರಮ

ಇಲ್ಲಿ ಮುಖ್ಯವಾಗಿ ಹಿಂದಿನ ಅಚ್ಚಿಗೆ ಗಾಳಿಯ ಲಾಕರ್ ಅಳವಡಿಸುವ ಕ್ರಮವನ್ನು ವಿವರಿಸಲಾಗಿದೆ. ಪ್ರತಿಯೊಂದು ವಾಹನಕ್ಕೂ ತಯಾರಕರ ಕೈಪಿಡಿಯ ಅಳತೆಗಳೇ ಅಂತಿಮ.

ಈ ಕೆಲಸಕ್ಕೆ ಇಬ್ಬರು ಅಥವಾ ಮೂವರು ಬೇಕೆನ್ನುವುದಕ್ಕೆ ಸ್ನೇಹಕ್ಕಿಂತ ಗಟ್ಟಿಯಾದ ಕಾರಣಗಳಿವೆ. ಗೇರುಗಳ ಜೋಡಣೆಯು ಹಲವು ವಾಹನಗಳಲ್ಲಿ 30 ಕಿಲೋಗ್ರಾಮಿಗಿಂತ ಹೆಚ್ಚು ಭಾರವಿದ್ದು, ಎಣ್ಣೆಯಿಂದ ಜಾರುತ್ತಿರುತ್ತದೆ; ವಾಹನದಡಿಯಲ್ಲಿ ಮಲಗಿದವನೊಬ್ಬನೇ ಅದನ್ನು ಎದೆಯ ಮೇಲೆ ಇಳಿಸಿಕೊಳ್ಳುವುದು ಅಪಾಯಕರ. ಒಬ್ಬನು ಗೇರನ್ನು ಹಿಡಿದಾಗ ಇನ್ನೊಬ್ಬನು ಅಳತೆಯನ್ನು ಓದಬೇಕಾಗುತ್ತದೆ. ಬಿಗಿದ ಬೋಲ್ಟುಗಳ ಲೆಕ್ಕವನ್ನು ಮತ್ತೊಬ್ಬನು ಕಾಗದದ ಮೇಲೆ ಗುರುತು ಹಾಕುವುದೂ ಒಳ್ಳೆಯ ಪದ್ಧತಿ. ಮಾತಿನ ಭರದಲ್ಲಿ ಒಂದು ಬೋಲ್ಟ್ ಅರೆಬಿಗಿಯಾಗಿ ಉಳಿಯುವುದು ಗುಂಪುಗೆಲಸದ ಸಾಮಾನ್ಯ ದೋಷ.

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಬೇಕು. ಹೆಚ್ಚಿನ ವಾಹನಗಳಲ್ಲಿ ಕೈಬ್ರೇಕು ಹಿಂದಿನ ಚಕ್ರಗಳನ್ನೇ ಹಿಡಿಯುವುದರಿಂದ, ಅವನ್ನು ಎತ್ತಿದ ಮೇಲೆ ಅದರ ಉಪಯೋಗವಿಲ್ಲ. ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಮೇಲೆ ಗೇರಿನಲ್ಲಿಟ್ಟ ವಾಹನವೂ ನಿಂತೀತೆಂಬ ಭರವಸೆಯಿಲ್ಲ. ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಎತ್ತಿದ ಭಾರವನ್ನು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಇಳಿಸಿ, ಪಕ್ಕದಿಂದ ತಳ್ಳಿ ನೋಡಿ, ಅಲುಗುವುದಿಲ್ಲವೆಂದು ಖಚಿತವಾದ ಮೇಲೆಯೇ ಅಡಿಗೆ ಹೋಗಬೇಕು. ಇಟ್ಟಿಗೆ ಮತ್ತು ಕಾಂಕ್ರೀಟ್ ಬ್ಲಾಕುಗಳು ಸೂಚನೆ ಕೊಡದೆ ಒಡೆಯುವುದರಿಂದ ಅವು ಸ್ಟ್ಯಾಂಡಿಗೆ ಬದಲಿಯಾಗಲಾರವು.

ಗೇರ್ ಎಣ್ಣೆಯನ್ನು ಬಸಿದು, ಚಕ್ರ ಮತ್ತು ಬ್ರೇಕಿನ ಭಾಗಗಳನ್ನು ತೆಗೆದು, ಅರ್ಧ ಅಚ್ಚುಗಳನ್ನು ಹೊರಕ್ಕೆ ಎಳೆಯಲಾಗುತ್ತದೆ. ಬಸಿದ ಎಣ್ಣೆಯನ್ನು ಬೆರಳಿಗೆ ಸವರಿ ನೋಡುವುದು ರೂಢಿ: ನುಣ್ಣನೆಯ ಬೂದು ಲೇಪ ಸಹಜ ಸವೆತದ ಗುರುತು, ಲೋಹದ ಚೂರುಗಳಿದ್ದರೆ ಲಾಕರಿಗಿಂತ ಮೊದಲು ದುರಸ್ತಿಯ ಅಗತ್ಯವಿದೆಯೆಂದು ತಿಳಿಯಬೇಕು. ಮಾರುತಿ ಜಿಪ್ಸಿಯಂತಹ ವಾಹನಗಳಲ್ಲಿ ಪಿನಿಯನ್ ಸಹಿತ ಇಡೀ ಜೋಡಣೆ ಒಂದೇ ಘಟಕವಾಗಿ ಮುಂಭಾಗದಿಂದ ಹೊರಬರುವುದರಿಂದ ಉಳಿದ ಕೆಲಸವನ್ನು ಮೇಜಿನ ಮೇಲೆ ಮಾಡಬಹುದು. ಬೇರೆ ಕೆಲವು ವಾಹನಗಳಲ್ಲಿ ಹಿಂದಿನ ಮುಚ್ಚಳ ತೆಗೆದು ಅಚ್ಚಿನ ಗುಡಾಣದೊಳಗೆಯೇ ಕೆಲಸ ಮಾಡಬೇಕಾಗುತ್ತದೆ.

ಕೇಜನ್ನು ಬಿಚ್ಚುವ ಮೊದಲು ಎರಡು ಕೆಲಸಗಳನ್ನು ಮರೆಯಬಾರದು. ಬೇರಿಂಗಿನ ಮುಚ್ಚಳಗಳಿಗೆ ಎಡ-ಬಲ ಮತ್ತು ಮೇಲು-ಕೆಳಗಿನ ಗುರುತು ಹಾಕಬೇಕು. ಅವು ಆಯಾ ಸ್ಥಾನದಲ್ಲಿಯೇ ಕೊರೆಯಲ್ಪಟ್ಟ ಜೋಡಿಗಳಾದ್ದರಿಂದ ಅದಲುಬದಲಾದರೆ ಕೂಡಿಬರುವುದಿಲ್ಲ. ಮತ್ತು ಈಗಿರುವ ಬ್ಯಾಕ್‌ಲ್ಯಾಶನ್ನು ಅಳೆದು ಬರೆದಿಟ್ಟುಕೊಳ್ಳಬೇಕು.

ಬ್ಯಾಕ್‌ಲ್ಯಾಶ್ ಎಂದರೆ ಪಿನಿಯನ್ ಅಲುಗದಿರುವಾಗ ಕ್ರೌನ್ ವೀಲಿನ ಹಲ್ಲು ಹಿಂದೆಮುಂದೆ ಆಡಬಲ್ಲ ಸಡಿಲ. ಡಯಲ್ ಗೇಜಿನ ಮೊನೆಯನ್ನು ಹಲ್ಲಿನ ಬೆನ್ನಿಗೆ ತಾಗಿಸಿ ಇದನ್ನು ಅಳೆಯುತ್ತಾರೆ. ಅನೇಕ ವಾಹನಗಳಲ್ಲಿ ಇದು 0.15ರಿಂದ 0.25 ಮಿಲಿಮೀಟರಿನೊಳಗೆ ಇರಬೇಕಾಗುತ್ತದೆ. ಸಡಿಲ ಕಡಿಮೆಯಾದರೆ ಹಲ್ಲುಗಳ ನಡುವೆ ಎಣ್ಣೆಯ ಪದರಕ್ಕೆ ಜಾಗವಿಲ್ಲದೆ ಗೇರು ಕಾದು ಕೆಡುತ್ತದೆ. ಹೆಚ್ಚಾದರೆ ಪ್ರತಿ ಎಳೆತದಲ್ಲೂ ಹಲ್ಲಿಗೆ ಹಲ್ಲು ಬಡಿದು ಕ್ರಮೇಣ ಮುರಿಯುತ್ತದೆ. ಮುರಿದ ಹಲ್ಲಿನ ಚೂರು ಗೇರುಗಳ ನಡುವೆ ಸಿಲುಕಿದರೆ ಓಡುತ್ತಿರುವ ವಾಹನದ ಚಕ್ರಗಳು ಹಠಾತ್ತನೆ ಸ್ಥಗಿತವಾಗಬಹುದು. ಹೆದ್ದಾರಿಯಲ್ಲಿ ಹೀಗಾದರೆ ಪರಿಣಾಮ ಊಹಿಸುವುದು ಕಷ್ಟವಲ್ಲ.

ಹಳೆಯ ಕೇಜಿನಿಂದ ಕ್ರೌನ್ ವೀಲನ್ನು ಬಿಚ್ಚಿ ಲಾಕರಿಗೆ ಜೋಡಿಸುವಾಗ ಎರಡರ ಮುಖಗಳೂ ನಿಷ್ಕಳಂಕವಾಗಿ ಶುಚಿಯಾಗಿರಬೇಕು; ಒಂದು ಲೋಹದ ಸಿಬಿರು ಉಳಿದರೂ ಚಕ್ರವು ಓರೆಯಾಗಿ ಸುತ್ತುತ್ತದೆ. ಬೋಲ್ಟುಗಳನ್ನು ಎದುರುಬದುರಿನ ಕ್ರಮದಲ್ಲಿ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದ ಬಿಗಿಯಲಾಗುತ್ತದೆ. ಲಾಕರನ್ನು ಗುಡಾಣದಲ್ಲಿ ಕೂರಿಸಿದ ಮೇಲೆ ಬ್ಯಾಕ್‌ಲ್ಯಾಶ್ ಸರಿಹೊಂದಿಸುವುದೇ ದಿನದ ಹೆಚ್ಚಿನ ಸಮಯವನ್ನು ತಿನ್ನುವ ಕೆಲಸ. ಶಿಮ್ ಎಂಬ ತೆಳುವಾದ ಲೋಹದ ಬಿಲ್ಲೆಗಳನ್ನು ಒಂದು ಬದಿಯಿಂದ ತೆಗೆದು ಇನ್ನೊಂದು ಬದಿಗೆ ಹಾಕಿದಂತೆ ಕ್ರೌನ್ ವೀಲ್ ಪಿನಿಯನ್ನಿನ ಹತ್ತಿರಕ್ಕೋ ದೂರಕ್ಕೋ ಸರಿಯುತ್ತದೆ. ಎರಡು ಬದಿಗಳ ಶಿಮ್‌ಗಳ ಒಟ್ಟು ದಪ್ಪ ಬದಲಾಗದಿದ್ದರೆ ಬೇರಿಂಗಿನ ಬಿಗಿಯೂ ಬದಲಾಗುವುದಿಲ್ಲ. ಕೆಲವು ವಾಹನಗಳಲ್ಲಿ ಶಿಮ್‌ಗಳ ಬದಲು ತಿರುಪಿನ ಉಂಗುರಗಳಿರುತ್ತವೆ. ಚಕ್ರದ ಸುತ್ತ ಒಂದೇ ಕಡೆ ಅಳೆದರೆ ಸಾಲದು, ಮೂರು ನಾಲ್ಕು ಕಡೆ ಅಳೆಯಬೇಕು.

ಅಳತೆ ಸರಿಬಂದ ಮೇಲೆ ಕೆಲವು ಹಲ್ಲುಗಳಿಗೆ ಬಣ್ಣದ ಲೇಪ ಹಚ್ಚಿ ಗೇರನ್ನು ಹಿಂದೆಮುಂದೆ ಸುತ್ತಿಸಿದರೆ, ಪಿನಿಯನ್ ತಾಗಿದಲ್ಲಿ ಲೇಪ ಅಳಿಸಿ ಗುರುತು ಮೂಡುತ್ತದೆ. ಅದು ಹಲ್ಲಿನ ಅಂಚಿಗೆ ಓಡದೆ ನಡುಭಾಗದಲ್ಲಿರಬೇಕು. ಪಿನಿಯನ್ನನ್ನು ಮುಟ್ಟದೆ ಕೇಜನ್ನು ಮಾತ್ರ ಬದಲಿಸಿದಾಗ ಇದು ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆಯಾದರೂ ಪರೀಕ್ಷಿಸದೆ ಬಿಡಬಾರದು.

ಗಾಳಿಯ ಕೊಳವೆಗಾಗಿ ಗುಡಾಣದಲ್ಲಿ ಒಂದು ರಂಧ್ರ ಕೊರೆದು ಮರೆಸುತ್ತು ಹಾಕಬೇಕು. ಕೊರೆದ ಚೂರುಗಳು ಒಳಗೆ ಉಳಿಯದಂತೆ ಈ ಕೆಲಸವನ್ನು ಗೇರುಗಳನ್ನು ಕೂರಿಸುವ ಮೊದಲೇ ಮುಗಿಸುವುದು ಜಾಣತನ. ಕೊಳವೆಯು ಸೈಲೆನ್ಸರಿನಿಂದ ದೂರವಾಗಿಯೂ, ಅಚ್ಚು ಏರಿಳಿಯುವಾಗ ಹರಿಯದಷ್ಟು ಸಡಿಲವಾಗಿಯೂ ಇರಬೇಕು. ಚದರ ಅಂಗುಲಕ್ಕೆ ಸುಮಾರು 100 ಪೌಂಡು ಒತ್ತಡ ಕೊಡುವ ಚಿಕ್ಕ ಕಂಪ್ರೆಸರ್, ಸೊಲೆನಾಯ್ಡ್ ಕವಾಟ ಮತ್ತು ಚಾಲಕನ ಬಳಿಯ ಗುಂಡಿ, ಇವುಗಳ ತಂತಿಗಳಿಗೆ ಫ್ಯೂಸ್ ಕಡ್ಡಾಯ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಸೋರಿಕೆ ಗುಳ್ಳೆಗಳಾಗಿ ಕಾಣಿಸುತ್ತದೆ. ಇದೇ ಸಮಯದಲ್ಲಿ ಅಚ್ಚಿನ ಉಸಿರುಕೊಳವೆಯನ್ನೂ ಎತ್ತರಕ್ಕೆ ಏರಿಸುವುದು ಒಳ್ಳೆಯದು. ಕಾದ ಅಚ್ಚು ಹೊಳೆಯಲ್ಲಿ ಮುಳುಗಿ ತಣಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಹೀರುತ್ತದೆ.

ಪರೀಕ್ಷೆ

ಹಿಂದಿನ ಎರಡೂ ಚಕ್ರಗಳು ನೆಲ ಬಿಟ್ಟಿರುವಾಗಲೇ, ಎಂಜಿನ್ ಆರಿಸಿ, ವಾಹನವನ್ನು ಗೇರಿನಲ್ಲಿಟ್ಟು ಇಬ್ಬರು ಎರಡು ಬದಿಗೆ ಕುಳಿತು ಪರೀಕ್ಷಿಸುತ್ತಾರೆ. ಲಾಕರ್ ಬಿಡುಗಡೆಯ ಸ್ಥಿತಿಯಲ್ಲಿದ್ದರೆ ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ ಇನ್ನೊಂದು ಹಿಂದಕ್ಕೆ ತಿರುಗುತ್ತದೆ. ಬಂಧಿಸಿದಾಗ ಎರಡೂ ಕದಲುವುದಿಲ್ಲ. ಕಿರುಲಾಕರ್ ಆಗಿದ್ದರೆ ಒಬ್ಬನು ತನ್ನ ಚಕ್ರವನ್ನು ಮುಂದಕ್ಕೆ, ಅದು ತಡೆಯುವವರೆಗೆ ತಿರುಗಿಸಿ ಹಿಡಿಯಬೇಕು. ಇನ್ನೊಬ್ಬನು ತನ್ನದನ್ನು ಹಿಂದಕ್ಕೆ ತಿರುಗಿಸಿದರೆ ಟಕಟಕ ಸದ್ದಿನೊಡನೆ ಅದು ಬಿಡಿಸಿಕೊಂಡು ಸುತ್ತಬೇಕು. ದಿಕ್ಕು ಮತ್ತು ಬದಿ ಬದಲಿಸಿ ಇದನ್ನು ನಾಲ್ಕು ಬಾರಿ ಮಾಡಲಾಗುತ್ತದೆ. ಒಬ್ಬಂಟಿಗನಿಗೆ ಈ ಪರೀಕ್ಷೆ ಸಾಧ್ಯವೇ ಇಲ್ಲ.

ಬಳಕೆಯಲ್ಲಿ ಎಚ್ಚರ

ಗಟ್ಟಿಯಾದ ಡಾಂಬರು ರಸ್ತೆಯಲ್ಲಿ ಲಾಕರ್ ಬಂಧಿಸಿಟ್ಟು ತಿರುಗಬಾರದು. ಟೈರು ತೇಯುವುದು ಸಣ್ಣ ನಷ್ಟ. ವಾಹನವು ಚಾಲಕ ತಿರುಗಿಸಿದಷ್ಟು ತಿರುಗದೆ ನೇರಕ್ಕೆ ಎಳೆಯುವುದೇ ದೊಡ್ಡ ಅಪಾಯ. ಮುಂದಿನ ಅಚ್ಚಿನಲ್ಲಿ ಬಂಧಿಸಿದರೆ ಸ್ಟೀರಿಂಗ್ ತೀರ ಬಿರುಸಾಗುತ್ತದೆ. ಅಡ್ಡ ಇಳಿಜಾರಿನಲ್ಲಿ ಇನ್ನೊಂದು ವಿಪರ್ಯಾಸವಿದೆ: ಸಾಧಾರಣ ಡಿಫರೆನ್ಷಿಯಲ್ ಇದ್ದಾಗ ಒಂದು ಚಕ್ರ ಜಾರಿದರೂ ನಿಂತ ಚಕ್ರವು ಲಂಗರಿನಂತೆ ವಾಹನವನ್ನು ಹಿಡಿಯುತ್ತದೆ, ಬಂಧಿಸಿದಾಗ ಎರಡೂ ಒಟ್ಟಿಗೆ ಸುತ್ತಿ ವಾಹನದ ಹಿಂಭಾಗ ಕೆಳಕ್ಕೆ ಜಾರುತ್ತದೆ. ಎಲ್ಲ ಬಲವೂ ಒಂದೇ ಅರ್ಧ ಅಚ್ಚಿನ ಮೇಲೆ ಬೀಳಬಹುದಾದ್ದರಿಂದ ದೊಡ್ಡ ಟೈರುಗಳಿರುವ ಹಳೆಯ ವಾಹನಗಳಲ್ಲಿ ಅಚ್ಚು ತುಂಡಾಗುವುದೂ ಉಂಟು.

ಸ್ವಯಂಚಾಲಿತ ಲಾಕರ್ ಇರುವ ವಾಹನದ ಒಂದೇ ಹಿಂಚಕ್ರವನ್ನು ಜ್ಯಾಕಿನಿಂದ ಎತ್ತಿ ಎಂಜಿನ್ನಿನಿಂದ ಸುತ್ತಿಸುವುದು ಮಾರಕ. ಸಾಮಾನ್ಯ ವಾಹನದಲ್ಲಿ ಎತ್ತಿದ ಚಕ್ರ ಮಾತ್ರ ಸುತ್ತೀತು. ಇಲ್ಲಿ ನೆಲದ ಮೇಲಿನ ಚಕ್ರವೂ ತಿರುಗಿ ವಾಹನವು ಜ್ಯಾಕಿನಿಂದ ಹಾರಿ ಮುಂದಕ್ಕೆ ನುಗ್ಗುತ್ತದೆ. ವಾಹನವನ್ನು ಮಾರುವಾಗಲೂ, ಬೇರೆ ಮೆಕ್ಯಾನಿಕ್‌ಗೆ ಒಪ್ಪಿಸುವಾಗಲೂ ಲಾಕರ್ ಇರುವ ಸಂಗತಿಯನ್ನು ತಿಳಿಸುವುದು ಆದ್ದರಿಂದ ಅಗತ್ಯ.

ಭಾರತದಲ್ಲಿ

ಭಾರತದಲ್ಲಿ ಈ ಸಾಧನದ ಪರಿಚಯ ಹೆಚ್ಚಾಗಿ ಇರುವುದು ಜೀಪಿನವರಿಗಲ್ಲ, ರೈತರಿಗೆ. ಟ್ರ್ಯಾಕ್ಟರಿನ ಚಾಲಕನ ಹಿಮ್ಮಡಿಗೆ ಸಿಗುವಂತಿರುವ ಡಿಫ್ ಲಾಕ್ ಪೆಡಲ್ ಇದೇ ತತ್ತ್ವದ್ದು. ಕೆಸರುಗದ್ದೆಯಲ್ಲಿ ಒಂದು ಚಕ್ರ ಹೂತಾಗ ಅದನ್ನು ತುಳಿದು, ಬದುವಿನ ಬಳಿ ತಿರುಗಿಸುವ ಮೊದಲು ಕಾಲು ತೆಗೆಯುವುದನ್ನು ಮಲೆನಾಡಿನ ಟ್ರ್ಯಾಕ್ಟರ್ ಚಾಲಕರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಕಾರ್ಖಾನೆಯಿಂದಲೇ ಲಾಕರ್ ಪಡೆದ ವಾಹನಗಳಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಅಚ್ಚುಗಳಿಗೆ ಸನ್ನೆಗಳಿಂದ ಲಾಕ್ ಮಾಡಬಹುದಾದ ಫೋರ್ಸ್ ಗೂರ್ಖಾ ಗಮನಾರ್ಹ. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ಕೆಲವು ಮಾದರಿಗಳ ಹಿಂದಿನ ಅಚ್ಚಿನಲ್ಲಿ ಯಾಂತ್ರಿಕ ಸ್ವಯಂಚಾಲಿತ ಲಾಕ್ ಇದೆ. 1985ರಲ್ಲಿ ಮಾರುಕಟ್ಟೆಗೆ ಬಂದ ಜಿಪ್ಸಿಗೆ ಲಾಕರ್ ಇರಲಿಲ್ಲ. ಹವ್ಯಾಸಿಗಳು ಹೊರಗಿನಿಂದ ತರಿಸಿ ಅಳವಡಿಸಿಕೊಂಡ ವಾಹನಗಳಲ್ಲಿ ಇದೂ ಸೇರಿದೆ. ಮೋಟಾರು ವಾಹನಗಳ ಕಾಯಿದೆ, 1988ರ 52ನೆಯ ಕಲಮು ನೋಂದಣಿ ಪತ್ರದ ವಿವರಗಳಿಗೆ ಭಿನ್ನವಾಗುವಂತಹ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನಕ್ಕೆ ಲಾಕರ್ ಅಳವಡಿಸುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮಾ ಸಂಸ್ಥೆಯಲ್ಲಿಯೂ ವಿಚಾರಿಸಿಕೊಳ್ಳುವುದು ಸೂಕ್ತ.