ಮೆಂಫಿಸ್: ಇಳಿಜಾರು ನೆಲ, ಇದ್ದಿಲ ಹೊಗೆ

ಮೆಂಫಿಸ್‌ನ ಸ್ಟ್ಯಾಕ್ಸ್ ಮ್ಯೂಸಿಯಂನ ರೆಕಾರ್ಡಿಂಗ್ ಕೋಣೆಯೊಳಗೆ ಕಾಲಿಟ್ಟರೆ ಮೊದಲು ಸುಳಿವು ಸಿಗುವುದು ಮೀನಖಂಡಕ್ಕೆ. ನೆಲ ಇಳಿಜಾರಾಗಿದೆ. ನಮ್ಮೂರಿನ ಹಳೆಯ ಟಾಕೀಸಿನಲ್ಲಿ ಹಿಂದಿನ ಸಾಲಿನವರು ಬಿಟ್ಟ ಸೋಡಾ ಬಾಟಲಿ ಕುರ್ಚಿಗಳಡಿಯಲ್ಲೇ ಉರುಳಿ ಗಾಂಧಿ ಕ್ಲಾಸು ಸೇರುತ್ತಿತ್ತಲ್ಲ, ಅದೇ ಇಳಿಜಾರು. ಕಾರಣವೂ ಅದೇ. ಇಲ್ಲಿದ್ದದ್ದು ಕ್ಯಾಪಿಟಲ್ ಎಂಬ ಚಿತ್ರಮಂದಿರ. 1960ರಲ್ಲಿ ಅದನ್ನು ಬಾಡಿಗೆಗೆ ಹಿಡಿದ ಜಿಮ್ ಸ್ಟೀವರ್ಟ್ ಹಗಲಲ್ಲಿ ಬ್ಯಾಂಕ್ ನೌಕರ, ಬಿಡುವಿನಲ್ಲಿ ಪಿಟೀಲುವಾದಕ. ರೆಕಾರ್ಡಿಂಗ್ ಯಂತ್ರಕ್ಕೆಂದು ಅವನ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಮನೆಯನ್ನೇ ಅಡ ಇಟ್ಟಿದ್ದಳು. ಕುರ್ಚಿಗಳನ್ನು ಕಿತ್ತರು, ತೆರೆಯಿದ್ದ ವೇದಿಕೆಯನ್ನು ಕಂಟ್ರೋಲ್ ರೂಮ್ ಮಾಡಿಕೊಂಡರು, ಪಾಪ್‌ಕಾರ್ನ್ ಮಾರುವ ಜಾಗದಲ್ಲಿ ರೆಕಾರ್ಡ್ ಅಂಗಡಿ ತೆರೆದರು. ನೆಲ ಮಟ್ಟ ಮಾಡಿಸುವಷ್ಟು ದುಡ್ಡು ಉಳಿಯಲಿಲ್ಲ.

ತಮಾಷೆ ಇರುವುದು ಮುಂದೆ. ನಾನು ನಿಂತಿದ್ದು ಆ ನೆಲವೇ ಅಲ್ಲ. ಅಕ್ಕ-ತಮ್ಮ ಕಟ್ಟಿದ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿ 1975ರಲ್ಲಿ ದಿವಾಳಿಯಾಯಿತು, 1989ರಲ್ಲಿ ಕಟ್ಟಡವನ್ನು ಕೆಡವಿದರು, 2003ರಲ್ಲಿ ಅದೇ ನಿವೇಶನದಲ್ಲಿ ಮ್ಯೂಸಿಯಂ ಎದ್ದಿತು. ದುಡ್ಡಿಲ್ಲದೆ ಉಳಿದುಕೊಂಡಿದ್ದ ಇಳಿಜಾರನ್ನು ದುಡ್ಡು ಸುರಿದು ಮತ್ತೆ ಕಟ್ಟಿದ್ದಾರೆ! ಜೊತೆಗೆ ಬಂದಿದ್ದ ಗೆಳೆಯ ಇದನ್ನು ನಕಲಿ ಎಂದು ಮೂಗು ಮುರಿದ. ನನಗೋ ಆ ಕೋಣೆ ಬಿಟ್ಟು ಹೊರಡುವ ಮನಸ್ಸೇ ಆಗಲಿಲ್ಲ. ತುದಿಯಿಂದ ತುದಿಗೆ ನಡೆದೆ, ಕೆಳಗಿನ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಸಿಬ್ಬಂದಿಯ ಹುಡುಗಿ ಇಂಥವರನ್ನು ಬೇಕಾದಷ್ಟು ಕಂಡಿದ್ದಾಳೆ ಅನ್ನಿಸಿತು, ತಲೆಯೆತ್ತಲಿಲ್ಲ.

ಸ್ಟ್ಯಾಕ್ಸ್ ಹಾಡುಗಳ ಗಡಸುತನಕ್ಕೆ ಈ ನೆಲವೇ ಕಾರಣ ಎನ್ನುವವರಿದ್ದಾರೆ. ನೆಲ, ಸೂರು ಒಂದಕ್ಕೊಂದು ಸಮಾಂತರವಾಗಿದ್ದರೆ ಧ್ವನಿ ಅವೆರಡರ ನಡುವೆ ಪುಟಿಯುತ್ತ ಕೆಲವು ಸ್ವರಗಳು ಮಾತ್ರ ಊದಿಕೊಳ್ಳುತ್ತವೆ. ಇಳಿಜಾರಿದ್ದರೆ ಅದು ಚದುರುತ್ತದೆ. ಶಾಸ್ತ್ರ ಸರಿಯೇ. ಆದರೂ ನನ್ನ ಓಟು ಕೋಣೆಯ ಉದ್ದಕ್ಕೆ. ಮೊದಮೊದಲು ಇಲ್ಲಿ ವಾದಕರು ಹೆಡ್‌ಫೋನ್ ಹಾಕುತ್ತಿರಲಿಲ್ಲ. ಹತ್ತು ಮೀಟರ್ ದೂರದಲ್ಲಿ ನಿಂತವನಿಗೆ ಡ್ರಮ್ಮಿನ ಪೆಟ್ಟು ಸುಮಾರು 30 ಮಿಲಿಸೆಕೆಂಡ್ ತಡವಾಗಿ ಕೇಳಿಸುತ್ತದೆ. ಒಬ್ಬರನ್ನೊಬ್ಬರು ನೋಡಿಕೊಂಡು, ಚೂರು ಕಾದು ಬಾರಿಸುವುದೇ ರೂಢಿಯಾಗಿರಬೇಕು. ಇಷ್ಟಕ್ಕೂ ಆ ಪೆಟ್ಟು ಆಲ್ ಜಾಕ್ಸನ್ನನದು. ಅವನ ಕೈಗೆ ಸಲ್ಲಬೇಕಾದ ಶ್ರೇಯಸ್ಸನ್ನು ಸಿಮೆಂಟಿಗೆ ಕೊಡುವುದು ಯಾವ ನ್ಯಾಯ?

1962ರಲ್ಲಿ ಆ ಮೂಲ ಕೋಣೆಯಲ್ಲಿ ಕಾಲಹರಣಕ್ಕೆಂದು ನುಡಿಸಿದ ತುಣುಕುಗಳಿಂದ ಹುಟ್ಟಿದ್ದು ‘ಗ್ರೀನ್ ಆನಿಯನ್ಸ್’. ಆರ್ಗನ್ ನುಡಿಸಿದ ಬುಕರ್ ಟಿ. ಜೋನ್ಸ್‌ಗೆ ಆಗಿನ್ನೂ ಹದಿನೇಳು. ಅವನು ಕರಿಯ, ಗಿಟಾರ್ ಹಿಡಿದಿದ್ದ ಸ್ಟೀವ್ ಕ್ರಾಪರ್ ಬಿಳಿಯ. ಹೊರಗೆ ಒಂದೇ ಹೋಟೆಲಿನಲ್ಲಿ ಕೂತು ಉಣ್ಣುವುದೇ ಕಷ್ಟವಾಗಿದ್ದ ಊರು ಅದು. ಕಲಾವಿದರೆಲ್ಲ ಸಲೀಸಾಗಿ ಸೇರುತ್ತಿದ್ದ ಜಾಗಗಳಲ್ಲಿ ಲೊರೇನ್ ಮೋಟೆಲ್ ಒಂದು. ‘ನಾಕ್ ಆನ್ ವುಡ್’ ಹಾಡು ಬರೆದದ್ದು ಅಲ್ಲೇ. ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ 1968ರ ಏಪ್ರಿಲ್ 4ರಂದು ಗುಂಡಿಗೆ ಬಲಿಯಾದದ್ದೂ ಆ ಮೋಟೆಲಿನ ಬಾಲ್ಕನಿಯಲ್ಲೇ. ಈಗ ಅದು ನಾಗರಿಕ ಹಕ್ಕುಗಳ ಮ್ಯೂಸಿಯಂ.

ಸನ್ ಸ್ಟುಡಿಯೋ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1954ರ ಜುಲೈನಲ್ಲಿ ಎಲ್ವಿಸ್ ಹಾಡಿದ ಕೋಣೆ ಉಳಿದಿದೆ, ನೋಡುಗರ ಸಾಲೂ ಹಾಗೇ ಇದೆ. ಬೀಲ್ ಸ್ಟ್ರೀಟ್ ನನಗೆ ರುಚಿಸಲಿಲ್ಲ. ನಗರಾಭಿವೃದ್ಧಿಯ ಹೆಸರಲ್ಲಿ ಸುತ್ತಲಿನ ಕೇರಿಯನ್ನೇ ಕೆಡವಿ, ಆಮೇಲೆ ನಿಯಾನ್ ದೀಪ ಹಚ್ಚಿ ಪ್ರವಾಸಿಗರಿಗೆ ಬಡಿಸಿದ ಬೀದಿ ಅದು. ಬ್ಲೂಸ್ ಅಲ್ಲೀಗ ಬಿಯರ್ ಜೊತೆಗಿನ ನಂಜಿಕೆ.

ಹಸಿವಾಗಿತ್ತು. ಪೀಬಾಡಿ ಹೋಟೆಲಿನ ಎದುರಿನ ಓಣಿಯಲ್ಲಿ ರಾಂಡೆವೂ ಇದೆ. ವಿಳಾಸಕ್ಕಿಂತ ಮೂಗನ್ನು ನಂಬಿದರೆ ಬೇಗ ಸಿಗುತ್ತದೆ. 1948ರಲ್ಲಿ ಚಾರ್ಲಿ ವರ್ಗೋಸ್ ಎಂಬ ಗ್ರೀಕ್ ಮೂಲದವನು ಶುರುಮಾಡಿದ ನೆಲಮಾಳಿಗೆಯ ಹೋಟೆಲು. ಅಲ್ಲಿ ಹಿಂದೆ ಕಲ್ಲಿದ್ದಲು ಸುರಿಯಲೆಂದು ಮಾಡಿದ್ದ ಕೊಳವೆಯೊಂದು ಪಾಳುಬಿದ್ದಿತ್ತು. ಅದನ್ನೇ ಹೊಗೆಗಂಡಿ ಮಾಡಿಕೊಂಡು ಇದ್ದಿಲ ಒಲೆ ಹೂಡಿದ. ಹಂದಿಯ ಪಕ್ಕೆಲುಬನ್ನು ಕೆಂಡದ ಮೇಲೆ ಬೇಯಿಸಿ, ವಿನೆಗರ್ ನೀರು ಬಳಿದು, ಮೇಲೆ ಕೆಂಪು ಮಸಾಲೆಪುಡಿ ಉದುರಿಸಿ ಕೊಡುತ್ತಾರೆ. ಸಾಸ್ ಬೇಕಾದವರು ತಾವೇ ಹಾಕಿಕೊಳ್ಳಬೇಕು. ಪ್ಯಾಪ್ರಿಕಾದ ಬಣ್ಣ ನೋಡಿ ಬ್ಯಾಡಗಿಯನ್ನು ನೆನೆದರೆ ಮೋಸವಿಲ್ಲ, ಖಾರ ಮಾತ್ರ ನಿರೀಕ್ಷಿಸಬೇಡಿ. ಓರೆಗಾನೊದ ಗ್ರೀಕ್ ವಾಸನೆ ಮುಂದಾಗಿ, ಉಪ್ಪು ಹಿಂದಿನಿಂದ ಬರುತ್ತದೆ. ಮಾಂಸ ಎಲುಬನ್ನು ಕಚ್ಚಿಕೊಂಡೇ ಇರುತ್ತದೆ, ಎಳೆಯಬೇಕು.

ಹಿಕರಿ ಕಟ್ಟಿಗೆಯ ಹೊಗೆಯಲ್ಲಿ ತಾಸುಗಟ್ಟಲೆ ಬೇಯದ್ದು ಬಾರ್ಬೆಕ್ಯೂ ಅಲ್ಲ ಎಂದು ಊರಿನ ಮಡಿವಂತರು ತಕರಾರು ತೆಗೆಯುತ್ತಾರೆ. ಅದೇ ಊರಿನಲ್ಲಿ ಬಾರ್ಬೆಕ್ಯೂ ಸ್ಪಗೆಟ್ಟಿ ಎಂಬ ಪದಾರ್ಥವಿದೆ: ಶಾವಿಗೆಯಂಥ ಪಾಸ್ತಾಕ್ಕೆ ಸಿಹಿಹುಳಿ ಸಾಸು, ಹೊಗೆಯಾಡಿಸಿದ ಹಂದಿಮಾಂಸದ ಎಳೆ. ಅದನ್ನು ಒಪ್ಪಿಕೊಂಡವರಿಗೆ ವರ್ಗೋಸ್‌ನ ಮೇಲೆ ಯಾಕೆ ಸಿಟ್ಟೋ!

ಎಲ್ವಿಸ್‌ನ ಮನೆ ಗ್ರೇಸ್‌ಲ್ಯಾಂಡ್ ನೋಡದೆ ಬಂದಿರಾ ಎಂದು ಈಗ ಎಲ್ಲರೂ ಕೇಳುತ್ತಾರೆ. ಟಿಕೆಟಿನ ದರ ನೋಡಿ, ಅದೇ ದುಡ್ಡಿಗೆ ಇನ್ನೂ ಒಂದು ಪ್ಲೇಟ್ ಪಕ್ಕೆಲುಬು ತರಿಸಿದೆವು.