ಬಿಸಿನೀರಿನ ಬೋರಾನ್ ಬಂಡೆಯೊಳಗೆ ಎತ್ತ ಸಾಗುತ್ತದೆ?

ಪಶ್ಚಿಮ ಟರ್ಕಿಯ ಬೂಯುಕ್ ಮೆಂಡೆರೆಸ್ ಕಣಿವೆ ಅಂಜೂರಕ್ಕೂ ಹತ್ತಿಗೂ ಹೆಸರಾದ ನೆಲ. ಅಲ್ಲಿನ ಕಿಜಿಲ್‌ದೆರೆಯಲ್ಲಿ, ನೆಲದಾಳದಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವ ಬಿಸಿನೀರಿನಿಂದ 1984ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಹಬೆ ಟರ್ಬೈನಿಗೆ ಹೋದರೆ, ಉಳಿದ ನೀರನ್ನು ಬಹುಕಾಲ ನದಿಗೇ ಬಿಡಲಾಯಿತು. ಆ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂಗೂ ಹೆಚ್ಚು ಬೋರಾನ್ ಇತ್ತು. ಅಂಜೂರ, ಕಿತ್ತಳೆ ಜಾತಿಯ ಗಿಡಗಳಿಗೆ ನೀರಿನಲ್ಲಿ ಒಂದು ಮಿಲಿಗ್ರಾಂ ಇದ್ದರೂ ಹೆಚ್ಚೇ. ಎಲೆಯ ಅಂಚು ಸುಟ್ಟು, ಫಸಲು ಇಳಿಯುತ್ತದೆ.

ನದಿಯಲ್ಲಿರುವ ಬೋರಾನನ್ನು ಅಳೆಯುವುದು ಸುಲಭ. ಕಾಲುವೆಯಿಂದ ಹೊಲಕ್ಕೆ ಹರಿದು ನೆಲಕ್ಕೆ ಇಂಗಿದ್ದು, ಬಿಸಿನೀರಿನ ಬಾವಿಯ ಒಡೆದ ಕೊಳವೆಯಿಂದ ಸೋರಿದ್ದು ಕಣ್ಣಿಗೆ ಬೀಳುವುದಿಲ್ಲ. ಅದು ಎತ್ತ, ಎಷ್ಟು ಬೇಗ ಸಾಗುತ್ತದೆಂದು ಮುಂಚೆಯೇ ಅಂದಾಜು ಮಾಡಲು ಗಣಿತದ ಮಾದರಿಗಳು ಬೇಕು.

ಅವುಗಳ ಬುನಾದಿ 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿ ಕಂಡುಕೊಂಡ ನಿಯಮ: ಮರಳಿನಲ್ಲಿ ನೀರು ಹರಿಯುವ ಪ್ರಮಾಣವು ನೀರಿನ ಮಟ್ಟದ ಇಳಿಜಾರಿಗೂ ಮರಳು ನೀರು ಬಿಡುವ ಗುಣಕ್ಕೂ ತಕ್ಕಂತಿರುತ್ತದೆ. ಒಂದು ಉದಾಹರಣೆ ನೋಡಬಹುದು. ಇಳಿಜಾರು ಸಾವಿರ ಮೀಟರಿಗೆ ಒಂದು ಮೀಟರ್, ನೀರು ಬಿಡುವ ಗುಣ ದಿನಕ್ಕೆ 10 ಮೀಟರ್ ಎಂದುಕೊಂಡರೆ, ನೂರಕ್ಕೆ 25 ಪಾಲು ರಂಧ್ರಗಳಿರುವ ಮರಳಿನಲ್ಲಿ ನೀರು ವರ್ಷಕ್ಕೆ ಸುಮಾರು 15 ಮೀಟರ್ ಸಾಗುತ್ತದೆ. ಅಷ್ಟೇ ನೀರು ನೂರಕ್ಕೆ ಒಂದೇ ಪಾಲು ಬಿರುಕಿರುವ ಬಂಡೆಯಲ್ಲಿ ಹರಿದರೆ ವರ್ಷಕ್ಕೆ 365 ಮೀಟರ್! ಗಟ್ಟಿ ಬಂಡೆ ಸುರಕ್ಷಿತ ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದು ಇಲ್ಲಿ ಗೊತ್ತಾಗುತ್ತದೆ.

ನೀರಿನ ಜೊತೆ ಎಲ್ಲವೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಬಿಸಿನೀರಿನಲ್ಲಿ ಇರಬಹುದಾದ ಆರ್ಸೆನಿಕ್ ಕಬ್ಬಿಣದ ಆಕ್ಸೈಡ್ ಕಣಗಳಿಗೆ ಅಂಟಿಕೊಂಡು ಹಿಂದುಳಿಯುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮತ್ತೆ ಬಿಡುಗಡೆಯಾಗುತ್ತದೆ. ಬೋರಾನ್ ಜೇಡಿಮಣ್ಣಿಗೆ ಸ್ವಲ್ಪ ಅಂಟುವುದುಂಟು, ಆದರೆ ಬಹುಪಾಲು ನೀರಿನೊಡನೆಯೇ ಹೋಗುತ್ತದೆ. ಇದಲ್ಲದೆ ಬಿರುಕಿನಲ್ಲಿ ಹರಿಯುವ ಲವಣಗಳು ಪಕ್ಕದ ಬಂಡೆಯ ಸೂಕ್ಷ್ಮ ರಂಧ್ರಗಳಿಗೂ ನುಸುಳಿ, ಸೋರಿಕೆ ನಿಂತ ಮೇಲೂ ವರ್ಷಗಟ್ಟಲೆ ಹೊರಬರುತ್ತಿರುತ್ತವೆ.

ಇಷ್ಟನ್ನು ಕೈಲೆಕ್ಕದಲ್ಲಿ ಮಾಡಲಾಗದು. ನೆಲವನ್ನು ಸಾವಿರಾರು ಚೌಕಗಳಾಗಿ ಒಡೆದು, ಪ್ರತಿ ಚೌಕಕ್ಕೆ ಬರುವ, ಹೋಗುವ ನೀರು ಮತ್ತು ಲವಣದ ಲೆಕ್ಕವಿಡುವ ಕೆಲಸ ಕಂಪ್ಯೂಟರಿನದು. ಅಂತರ್ಜಲದ ಹರಿವಿಗೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಮೋಡ್‌ಫ್ಲೋ, ಹಬೆಯೂ ಶಾಖವೂ ಸೇರಿರುವಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಟಫ್ ಎಂಬ ತಂತ್ರಾಂಶಗಳು ಬಳಕೆಯಲ್ಲಿವೆ.

ತಂತ್ರಾಂಶಕ್ಕಿಂತ ಮುಖ್ಯವಾದದ್ದು ಅದಕ್ಕೆ ಉಣಿಸುವ ಅಳತೆ. ಅಕ್ಕಪಕ್ಕದ ಎರಡು ಕೊಳವೆಬಾವಿಗಳಲ್ಲಿ ಒಂದರಲ್ಲಿ ನೀರು ಸಿಕ್ಕಿ ಇನ್ನೊಂದರಲ್ಲಿ ಬರೀ ಧೂಳು ಬಂದದ್ದನ್ನು ಕೋಲಾರದ ರೈತರು ಬಲ್ಲರು. ಬಿರುಕುಗಳ ದಾರಿ ಹಾಗೆಯೇ ಊಹೆಗೆ ಸಿಗದು. ಅದಕ್ಕಾಗಿ ಒಂದು ಬಾವಿಯಲ್ಲಿ ಗುರುತಿನ ಬಣ್ಣ ಸುರಿದು, ಬೇರೆ ಬಾವಿಗಳಲ್ಲಿ ಅದು ಕಾಣಿಸಿಕೊಳ್ಳುವ ದಿನವನ್ನು ಗುರುತು ಹಾಕಿಕೊಳ್ಳುತ್ತಾರೆ. ಲೆಕ್ಕ ತಾಳೆಯಾಗುವವರೆಗೆ ಮಾದರಿಯನ್ನು ತಿದ್ದುತ್ತಾರೆ.

ಇಂಥ ವಿದ್ಯುತ್ ಸ್ಥಾವರಗಳಲ್ಲಿ ಬಳಸಿದ ನೀರನ್ನು ಮರಳಿ ಆಳಕ್ಕೇ ತುಂಬುವುದು ಈಗ ರೂಢಿ. ಅದನ್ನು ತುಂಬುವ ಬಾವಿ ಎಲ್ಲಿರಬೇಕು, ಎಷ್ಟು ಆಳಕ್ಕೆ ಬಿಡಬೇಕು, ಕುಡಿಯುವ ನೀರಿನ ಪದರಕ್ಕೂ ಅದಕ್ಕೂ ನಡುವೆ ನೀರು ಬಿಡದ ಬಂಡೆ ಇದೆಯೇ ಎಂಬುದನ್ನು ಕೊರೆಯುವ ಮೊದಲೇ ಮಾದರಿಯಲ್ಲಿ ಪರೀಕ್ಷಿಸಬೇಕು. ಸೋರಿಕೆಯನ್ನು ಗಮನಿಸುವ ಕಾವಲು ಬಾವಿಗಳನ್ನೂ ಮಾದರಿ ತೋರಿಸಿದ ಹರಿವಿನ ದಾರಿಯಲ್ಲೇ, ಹಳ್ಳಿಯ ಬಾವಿಗಳಿಗಿಂತ ಮುಂಚೆ ಸಿಗುವಂತೆ ತೋಡಬೇಕು.